ಹಳೆಯ ನಂಟು ಕಲಿಸುವುದೇನು?

ಸಂಬಂಧವೊಂದು ಮುರಿದುಬಿದ್ದಾಗ ಹೆಚ್ಚಿನವರು ತಮಗೆ ತಾವೇ ಹೇಳಿಕೊಳ್ಳುವ ಮಾತು ಒಂದೇ: ಇನ್ನೊಮ್ಮೆ ಹೀಗಾಗಲು ಬಿಡುವುದಿಲ್ಲ. ಆ ಮಾತಿನಲ್ಲಿ ಸುಳ್ಳಿರುವುದಿಲ್ಲ, ಅದರ ಹಿಂದಿನ ನೋವೂ ನಿಜವೇ. ಆದರೂ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಜಗಳ, ಅದೇ ಮುನಿಸು, ಅದೇ ಅನುಮಾನ ಬೇರೊಬ್ಬರ ಜೊತೆ, ಬೇರೊಂದು ಮನೆಯಲ್ಲಿ ಮತ್ತೆ ತಲೆ ಎತ್ತಿರುತ್ತದೆ. ಸುತ್ತಲಿನವರು ‘ಇವಳಿಗೆ ಸಿಗುವವರೆಲ್ಲ ಅಂಥವರೇ’ ಎನ್ನುತ್ತಾರೆ. ಹಣೆಬರಹವೆಂದು ಕೈಚೆಲ್ಲುವವರೂ ಇದ್ದಾರೆ. ಅಡುಗೆ, ವ್ಯವಸಾಯ, ವ್ಯಾಪಾರ ಎಲ್ಲದರಲ್ಲೂ ಅನುಭವವೇ ಗುರು ಎಂದು ಒಪ್ಪುವ ಮನುಷ್ಯನಿಗೆ ಆಪ್ತ ಸಂಬಂಧದ ವಿಷಯದಲ್ಲಿ ಮಾತ್ರ ಆ ಗುರು ಪಾಠ ಹೇಳದೆ ಹೋಗುವುದೇಕೆ?

ಪ್ರಶ್ನೆ ಅಕ್ಕಪಕ್ಕದವರ ಆಡುಮಾತಿಗಷ್ಟೇ ಸೇರಿದ್ದಲ್ಲ. ಜರ್ಮನಿಯಲ್ಲಿ 2008ರಿಂದ ‘ಪೇರ್‌ಫಾಮ್’ ಎಂಬ ದೊಡ್ಡ ಕುಟುಂಬ ಅಧ್ಯಯನ ನಡೆದಿದೆ. ಸಾವಿರಾರು ಜನರನ್ನು ವರ್ಷ ವರ್ಷವೂ ಭೇಟಿಯಾಗಿ ಅವರ ಸಂಬಂಧಗಳ ಬಗ್ಗೆ ಕೇಳಿ ಬರೆದಿಟ್ಟ ದಾಖಲೆ ಅದು. ಇದರಲ್ಲಿ ಒಂದು ಸಂಬಂಧ ಮುರಿದು ಇನ್ನೊಂದಕ್ಕೆ ಕಾಲಿಟ್ಟ 554 ಜನರನ್ನು ಆರಿಸಿಕೊಂಡು ಮ್ಯಾಥ್ಯೂ ಜಾನ್ಸನ್ ಮತ್ತು ಫ್ರಾನ್ಜ್ ನೈಯರ್ 2019ರಲ್ಲಿ ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಿದರು. ತೃಪ್ತಿ, ಜಗಳದ ಪ್ರಮಾಣ, ಮನಸ್ಸು ಬಿಚ್ಚಿ ಮಾತಾಡುವುದು ಮುಂತಾದ ಹೆಚ್ಚಿನ ಅಂಶಗಳಲ್ಲಿ, ಹೊಸತರ ಸಂಭ್ರಮ ಇಳಿದ ಮೇಲೆ, ಎರಡನೆಯ ಸಂಬಂಧ ಮೊದಲನೆಯದರ ಮಟ್ಟಕ್ಕೇ ಬಂದು ನಿಂತಿತ್ತು. ಅದೇ ದಾಖಲೆಯನ್ನು ಬಳಸಿ ಟೊರಾಂಟೋ ವಿಶ್ವವಿದ್ಯಾಲಯದ ಯೂಬಿನ್ ಪಾರ್ಕ್ ಮತ್ತು ಜೆಫ್ ಮೆಕ್‌ಡೊನಾಲ್ಡ್ 332 ಜನರ ಹಿಂದಿನ ಮತ್ತು ಈಗಿನ ಸಂಗಾತಿಗಳ ಸ್ವಭಾವವನ್ನು ಹೋಲಿಸಿದರು. ಸ್ವಭಾವದ ವಿವರವನ್ನು ಕೊಟ್ಟವರು ಆ ಸಂಗಾತಿಗಳೇ. ಇಬ್ಬರ ನಡುವೆ ಸಾಮ್ಯ ಎದ್ದು ಕಂಡಿತು. ಜನ ತಮ್ಮಂಥವರನ್ನೇ ಆರಿಸಿಕೊಳ್ಳುತ್ತಾರೆ ಎಂಬ ಕಾರಣವನ್ನು ಲೆಕ್ಕದಿಂದ ಕಳೆದ ಮೇಲೂ ಆ ಸಾಮ್ಯ ಉಳಿದಿತ್ತು.

ಹಾಗೆಂದು ಯಾರೂ ಏನನ್ನೂ ಕಲಿಯುವುದಿಲ್ಲ ಎಂದಲ್ಲ. ಕಲಿಯುತ್ತಾರೆ. ತೊಡಕಿರುವುದು ಏನನ್ನು ಕಲಿಯುತ್ತಾರೆ ಎಂಬಲ್ಲಿ.

ಬೆಕ್ಕು ಕಲಿತ ಪಾಠ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದ ಕನ್ನಡದ ಮಕ್ಕಳಿಲ್ಲ. ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಹಸುವನ್ನೂ ಕೊಡಿಸಿದ. ರಾಮಕೃಷ್ಣ ಮೊದಲ ದಿನ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲು ಕಂಡರೆ ಸಾಕು, ಓಟ ಕೀಳುತ್ತಿತ್ತು. ಕಥೆಯನ್ನು ಎಲ್ಲರೂ ರಾಮಕೃಷ್ಣನ ಜಾಣತನಕ್ಕಾಗಿ ನೆನೆಯುತ್ತಾರೆ. ಕಲಿಕೆಯ ವಿಜ್ಞಾನಕ್ಕೆ ಅದರಲ್ಲಿ ಮುಖ್ಯವಾಗುವುದು ಬೆಕ್ಕು.

ಬೆಕ್ಕು ಒಂದೇ ಸಲಕ್ಕೆ, ಮರೆಯದ ಹಾಗೆ ಕಲಿತಿತು. ಆದರೆ ಆ ಕಲಿಕೆಯಲ್ಲಿ ಎರಡು ದೋಷಗಳಿದ್ದವು. ಸುಟ್ಟದ್ದು ಬಿಸಿ; ಬೆಕ್ಕು ತಪ್ಪು ಹೊರಿಸಿದ್ದು ಹಾಲಿನ ಮೇಲೆ. ಇದು ಮೊದಲನೆಯದು. ಎರಡನೆಯದು ಇನ್ನೂ ಆಳವಾದದ್ದು. ಹಾಲು ಕಂಡೊಡನೆ ಓಡಿಹೋಗುವ ಬೆಕ್ಕಿಗೆ, ಇವತ್ತಿನ ಹಾಲು ತಣ್ಣಗಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಓಡುವುದರಿಂದ ಭಯ ಆ ಕ್ಷಣಕ್ಕೆ ತಗ್ಗುತ್ತದೆ. ತಗ್ಗಿದ ಭಯವೇ ಓಡಿದ್ದು ಸರಿ ಎಂಬುದಕ್ಕೆ ಪುರಾವೆಯಾಗುತ್ತದೆ. ತಪ್ಪು ಪಾಠವನ್ನು ತಿದ್ದಬಹುದಾಗಿದ್ದ ಅನುಭವ ಒಮ್ಮೆಯೂ ಎದುರಾಗುವುದಿಲ್ಲ.

ಇದು ಕಥೆಯಲ್ಲಷ್ಟೇ ನಡೆಯುವುದಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ರಿಚರ್ಡ್ ಸಾಲೊಮನ್ ಮತ್ತು ಸಂಗಡಿಗರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಸೂಚನೆ ಬಂದ ಕೂಡಲೇ ಅಡ್ಡಗೋಡೆ ಹಾರಿದರೆ ವಿದ್ಯುತ್ ಆಘಾತದಿಂದ ಪಾರಾಗಬಹುದು ಎಂದು ಕಲಿತ ನಾಯಿಗಳು, ಆಘಾತ ಕೊಡುವುದನ್ನು ಪೂರ್ತಿ ನಿಲ್ಲಿಸಿದ ಮೇಲೂ ನೂರಾರು ಸಲ ಹಾರುತ್ತಲೇ ಇದ್ದವು. ಇಂದಿನ ಕಣ್ಣಿಗೆ ಆ ಪ್ರಯೋಗಗಳು ಕ್ರೂರ. ಅವು ಕಂಡುಕೊಂಡದ್ದು ಮಾತ್ರ ಅಲ್ಲಗಳೆಯಲಾಗದ್ದು. ಅಪಾಯ ಇಲ್ಲವಾದ ಸುದ್ದಿ, ಅಪಾಯದಿಂದ ತಪ್ಪಿಸಿಕೊಳ್ಳುತ್ತಲೇ ಇರುವ ಜೀವಿಗೆ ತಲುಪುವುದಿಲ್ಲ.

ಮನುಷ್ಯರ ಸಂಬಂಧಗಳಿಗೆ ಇದನ್ನು ಹಚ್ಚಿ ನೋಡಬಹುದು. ಒಬ್ಬ ನಿರ್ದಿಷ್ಟ ವ್ಯಕ್ತಿಯಿಂದ ಮೋಸಹೋದವರು ‘ಯಾರನ್ನೂ ನಂಬಬಾರದು’ ಎಂಬ ಪಾಠ ಕಲಿಯುತ್ತಾರೆ. ಹಣದ ವಿಷಯ ಎತ್ತಿದಾಗಲೆಲ್ಲ ರೇಗುತ್ತಿದ್ದ ಗಂಡನೊಡನೆ ಬಾಳಿದವಳು ‘ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಲೇಬಾರದು’ ಎಂದು ಕಲಿಯುತ್ತಾಳೆ. ಎರಡೂ ನೋವಿನಿಂದ ಹುಟ್ಟಿದ, ಅರ್ಥವಾಗುವಂಥ ಪಾಠಗಳೇ. ಎರಡರಲ್ಲೂ ಬಿಸಿಯ ಬದಲು ಹಾಲಿನ ಮೇಲೆ ತಪ್ಪು ಬಿದ್ದಿದೆ.

ಮನದಚ್ಚು

ಹೀಗೆ ಕಲಿತದ್ದು ತಲೆಯಲ್ಲಿ ಯಾವ ರೂಪದಲ್ಲಿ ಉಳಿಯುತ್ತದೆ? ಈ ಪ್ರಶ್ನೆಗೆ ಎಲ್ಲರಿಗಿಂತ ಗಟ್ಟಿಯಾದ ಉತ್ತರ ಕೊಟ್ಟವರು ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನ ಮನೋವೈದ್ಯ ಜಾನ್ ಬೌಲ್ಬಿ (1907–1990). ಅವರು ಕಟ್ಟಿದ ‘ಅಟ್ಯಾಚ್‌ಮೆಂಟ್’ ಸಿದ್ಧಾಂತವನ್ನು ಕನ್ನಡದಲ್ಲಿ ಒಡನಂಟು ಸಿದ್ಧಾಂತ ಎನ್ನಬಹುದು. ಹೊರಗಿನ ಜಗತ್ತಿನ ಒಂದು ಚಿಕ್ಕ ಮಾದರಿಯನ್ನು ಮನಸ್ಸು ಒಳಗೇ ಇಟ್ಟುಕೊಂಡು, ಮುಂದೇನಾಗಬಹುದು ಎಂಬುದನ್ನು ಅದರ ಮೇಲೆ ಪರೀಕ್ಷಿಸಿ ನೋಡುತ್ತದೆ ಎಂದು ಕೆನೆತ್ ಕ್ರೇಕ್ 1943ರಲ್ಲಿ ಬರೆದಿದ್ದರು. ಬೌಲ್ಬಿ ಆ ವಿಚಾರವನ್ನು ಸಂಬಂಧಗಳಿಗೆ ತಂದರು. ಮಗು ತನ್ನನ್ನು ನೋಡಿಕೊಳ್ಳುವವರ ಜೊತೆಗಿನ ಸಾವಿರಾರು ಸಣ್ಣ ಸಣ್ಣ ಅನುಭವಗಳಿಂದ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುತ್ತದೆ: ಕರೆದರೆ ಯಾರಾದರೂ ಬರುತ್ತಾರೆಯೇ? ಬರುವಷ್ಟು ಬೆಲೆ ತನಗಿದೆಯೇ? ಈ ಉತ್ತರಗಳ ಒಟ್ಟು ಮೊತ್ತವೇ ಮನದಚ್ಚು. ಮುಂದೆ ಸಿಗುವ ಪ್ರತಿಯೊಬ್ಬ ಆಪ್ತರ ನಡವಳಿಕೆಯನ್ನೂ ಮನಸ್ಸು ಈ ಅಚ್ಚಿನ ಮೂಲಕವೇ ಊಹಿಸುತ್ತದೆ.

ಬೌಲ್ಬಿಯ ವಿಚಾರಕ್ಕೆ ಕಣ್ಣಿಗೆ ಕಾಣುವ ಆಧಾರ ಒದಗಿಸಿದವರು ಮೇರಿ ಐನ್ಸ್‌ವರ್ತ್ (1913–1999). 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳಲ್ಲಿ ತಾಯಂದಿರ ಜೊತೆ ಕುಳಿತು ಮಕ್ಕಳನ್ನು ಗಮನಿಸಿದ್ದ ಅವರು, ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇಪ್ಪತ್ತು ನಿಮಿಷದ ಒಂದು ಸರಳ ಪರೀಕ್ಷೆಯನ್ನು ರೂಪಿಸಿದರು. ಒಂದು ಕೋಣೆ, ಎರಡು ಕುರ್ಚಿ, ನೆಲದ ಮೇಲೆ ಆಟದ ಸಾಮಾನು. ಒಂದು ವರ್ಷದ ಮಗು ತಾಯಿಯೊಡನೆ ಒಳಗೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಅಪರಿಚಿತ ಹೆಂಗಸೊಬ್ಬಳು ಬಂದು ಕೂರುತ್ತಾಳೆ. ತಾಯಿ ಎದ್ದು ಹೊರಗೆ ಹೋಗುತ್ತಾಳೆ, ಮೂರು ನಿಮಿಷದಲ್ಲಿ ಮರಳುತ್ತಾಳೆ. ಮಗು ಬಹಳ ಅತ್ತರೆ ಅದಕ್ಕೂ ಮೊದಲೇ. ತಾಯಿ ಹೋದಾಗ ಅನೇಕ ಮಕ್ಕಳು ಅಳುತ್ತವೆ. ಐನ್ಸ್‌ವರ್ತ್ ಕಣ್ಣಿಟ್ಟಿದ್ದು ಅವಳು ಮರಳಿದ ಕ್ಷಣದ ಮೇಲೆ. ಹೆಚ್ಚಿನ ಮಕ್ಕಳು ತೋಳು ಚಾಚಿ ತಾಯಿಯನ್ನು ಸೇರಿ, ಸಮಾಧಾನಗೊಂಡು, ಮತ್ತೆ ಆಟಕ್ಕೆ ಇಳಿದವು. ಕೆಲವು ತಾಯಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಅವಳನ್ನು ಒದೆಯುತ್ತಾ ಎಷ್ಟು ಹೊತ್ತಾದರೂ ಸಮಾಧಾನಗೊಳ್ಳಲಿಲ್ಲ. ಇನ್ನು ಕೆಲವು ತಾಯಿ ಬಂದದ್ದೇ ಗೊತ್ತಿಲ್ಲವೆಂಬಂತೆ ಮುಖ ತಿರುಗಿಸಿ ಆಟಿಕೆಯಲ್ಲಿ ಮುಳುಗಿದವು. ನೋಡುವವರು ಈ ಕೊನೆಯ ಗುಂಪನ್ನು ಗಟ್ಟಿ ಮನಸ್ಸಿನ ಮಕ್ಕಳೆಂದು ತಿಳಿದಾರು. ಆದರೆ ಮುಂದೆ ಇಂಥ ಮಕ್ಕಳ ಹೃದಯ ಬಡಿತವನ್ನು ಅಳೆದಾಗ, ಮುಖದಲ್ಲಿ ಕಾಣದ ತಳಮಳ ಎದೆಯಲ್ಲಿ ಇರುವುದು ತಿಳಿದುಬಂತು. ಅಳುವುದರಿಂದ ಉಪಯೋಗವಿಲ್ಲ ಎಂದು ಅವು ಒಂದೇ ವರ್ಷದಲ್ಲಿ ಕಲಿತಿದ್ದವು.

1987ರಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಇದೇ ಮೂರು ಬಗೆಯನ್ನು ವಯಸ್ಕರ ಪ್ರೇಮದಲ್ಲಿ ಹುಡುಕಿದರು. ಡೆನ್ವರ್‌ನ ‘ರಾಕಿ ಮೌಂಟನ್ ನ್ಯೂಸ್’ ಪತ್ರಿಕೆಯಲ್ಲಿ ಒಂದು ಪ್ರಶ್ನಾವಳಿ ಅಚ್ಚಾಯಿತು. 620 ಓದುಗರ ಉತ್ತರಗಳನ್ನು ಅವರು ಪರಿಶೀಲಿಸಿದರು. ಅರ್ಧಕ್ಕಿಂತ ತುಸು ಹೆಚ್ಚು ಜನ ನೆಚ್ಚಿಕೆಯಿಂದ ಹತ್ತಿರವಾಗಬಲ್ಲವರು. ಕಾಲುಭಾಗದಷ್ಟು ಜನ ಹತ್ತಿರವಾದಷ್ಟೂ ಉಸಿರುಗಟ್ಟಿದಂತಾಗಿ ಹಿಂದೆ ಸರಿಯುವವರು. ಉಳಿದವರು, ಸುಮಾರು ಐದರಲ್ಲೊಬ್ಬರು, ಸಂಗಾತಿ ಬಿಟ್ಟುಹೋದಾರೆಂಬ ಆತಂಕದಲ್ಲೇ ಇರುವವರು.

ಈ ಮೂರು ಬಗೆಗಳ ಹೆಸರುಗಳು ಈಚೆಗೆ ಮೊಬೈಲ್ ಪರದೆಗಳ ಮೇಲೆ ಹಣೆಪಟ್ಟಿಗಳಾಗಿ ಓಡಾಡುತ್ತಿವೆ. ಬಿಟ್ಟುಹೋದ ಗೆಳೆಯನಿಗೆ ‘ಅವಾಯ್ಡೆಂಟ್’, ಅಂದರೆ ಹಿಂದೆ ಸರಿಯುವವನು, ಎಂದು ಹೆಸರಿಟ್ಟರೆ ವಿಷಯ ಮುಗಿಯಿತು ಎಂಬಂತಾಗಿದೆ. ಇದು ಸಿದ್ಧಾಂತಕ್ಕೆ ಮಾಡುವ ಅನ್ಯಾಯ. ಸಂಶೋಧಕರು ಈಗ ಇವನ್ನು ಗಡಿ ಕೊರೆದ ಗುಂಪುಗಳೆಂದು ನೋಡುವುದಿಲ್ಲ. ಒಬ್ಬೊಬ್ಬರಲ್ಲೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇರುವ ಒಲವುಗಳೆಂದು ಅಳೆಯುತ್ತಾರೆ. ಒಬ್ಬ ವ್ಯಕ್ತಿಯೊಳಗೆ ತಾಯಿಗೊಂದು, ಗೆಳತಿಗೊಂದು, ಸಂಗಾತಿಗೊಂದು ಎಂಬಂತೆ ಬೇರೆ ಬೇರೆ ಅಚ್ಚುಗಳೂ ಇರಬಲ್ಲವು. ತಾಯಿಯ ತೋಳಿನಷ್ಟೇ ಸಲೀಸಾಗಿ ಅಜ್ಜಿ, ಚಿಕ್ಕಮ್ಮ, ಅಕ್ಕಂದಿರ ತೋಳಿನಲ್ಲೂ ಬೆಳೆಯುವ ತುಂಬಿದ ಮನೆಯ ಮಗುವಿಗೆ ನೆಚ್ಚಿಕೆಯ ಮೂಲಗಳು ಹಲವು. ಪಶ್ಚಿಮದ ಚಿಕ್ಕ ಕುಟುಂಬಗಳಲ್ಲಿ ಅಳೆದ ಅಂಕಿಗಳನ್ನು ನಮ್ಮ ಮನೆಗಳ ಮೇಲೆ ಹಾಗೆಹಾಗೇ ಹೇರುವುದು ಸಲ್ಲದು.

ಹೊಸಬರಲ್ಲಿ ಹಳಬರು

ಅಚ್ಚು ಕೆಲಸ ಮಾಡುವುದು ಮನುಷ್ಯನಿಗೆ ಗೊತ್ತಾಗದ ಹಾಗೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸೂಸನ್ ಆಂಡರ್ಸನ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ಹಿಡಿದುಕೊಟ್ಟವು. ಮೊದಲು ಭಾಗವಹಿಸಿದವರು ತಮ್ಮ ಬದುಕಿನ ಒಬ್ಬ ಮುಖ್ಯ ವ್ಯಕ್ತಿಯ ಬಗ್ಗೆ ಪುಟ್ಟ ಪುಟ್ಟ ವಾಕ್ಯಗಳನ್ನು ಬರೆದುಕೊಟ್ಟರು. ಕೆಲವು ವಾರ ಕಳೆದ ಮೇಲೆ, ಬೇರೆಯದೇ ಅಧ್ಯಯನವೆಂಬ ನೆಪದಲ್ಲಿ, ಅಪರಿಚಿತರ ವರ್ಣನೆಗಳನ್ನು ಅವರಿಗೆ ಓದಲು ಕೊಟ್ಟರು. ಅವುಗಳಲ್ಲಿ ಒಂದರೊಳಗೆ ಆ ಮುಖ್ಯ ವ್ಯಕ್ತಿಯ ಕೆಲವೇ ಗುಣಗಳನ್ನು ಸೇರಿಸಿಟ್ಟಿದ್ದರು. ಓದಿದವರು ಆ ಅಪರಿಚಿತನ ವರ್ಣನೆಯಲ್ಲಿ ಇಲ್ಲವೇ ಇಲ್ಲದ, ಆದರೆ ತಮ್ಮ ಆಪ್ತರಲ್ಲಿದ್ದ ಗುಣಗಳನ್ನೂ ಓದಿದ್ದಾಗಿ ‘ನೆನಪಿಸಿಕೊಂಡರು’. ಆಪ್ತರ ಬಗ್ಗೆ ಇದ್ದ ಒಲವೋ ಅಸಮಾಧಾನವೋ ಅವನ ಮೇಲೂ ಹರಿಯಿತು.

ಎರಡು ಮೂರು ಹೋಲಿಕೆ ಸಿಕ್ಕರೆ ಸಾಕು, ಉಳಿದ ಚಿತ್ರವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಮೊದಲ ಭೇಟಿಯಲ್ಲೇ ‘ಎಷ್ಟೋ ವರ್ಷದಿಂದ ಗೊತ್ತಿರುವವರ ಹಾಗೆ ಅನ್ನಿಸಿತು’ ಎಂಬ ಸಂತೋಷದ ಒಂದು ಪಾಲು ಇಲ್ಲಿಂದ ಬರುತ್ತದೆ. ಆ ಪರಿಚಿತತೆ ಒಳ್ಳೆಯದರದ್ದೇ ಆಗಿರಬೇಕೆಂದಿಲ್ಲ.

ಊಹೆ ನಿಜವಾಗುವ ಬಗೆ

ಊಹೆ ತಲೆಯೊಳಗೇ ಇದ್ದಿದ್ದರೆ ಹಾನಿ ಅಷ್ಟಿರಲಿಲ್ಲ. ಅದು ನಡವಳಿಕೆಯಾಗಿ ಹೊರಗೆ ಬರುತ್ತದೆ.

ಒಬ್ಬ ಯುವತಿಯನ್ನು ಊಹಿಸಿಕೊಳ್ಳಬಹುದು. ಅವಳ ಹಿಂದಿನ ಗೆಳೆಯ ದೂರವಾಗುವ ಮೊದಲು ಮಾಡಿದ ಮೊದಲ ಕೆಲಸ ಫೋನ್ ಎತ್ತುವುದನ್ನು ಕಡಿಮೆ ಮಾಡಿದ್ದು. ಈಗಿನ ಗೆಳೆಯ ಒಂದು ಸಂಜೆ ಫೋನ್ ಎತ್ತುವುದಿಲ್ಲ. ಅವಳು ಮತ್ತೆ ಮಾಡುತ್ತಾಳೆ, ಮತ್ತೆ ಮಾಡುತ್ತಾಳೆ, ವಾಟ್ಸ್ಆ್ಯಪ್‌ನಲ್ಲಿ ಕೊನೆಯದಾಗಿ ಯಾವಾಗ ಬಂದಿದ್ದ ಎಂದು ನೋಡುತ್ತಾಳೆ. ಮೀಟಿಂಗ್ ಮುಗಿಸಿ ಹೊರಬಂದವನಿಗೆ ಒಂಬತ್ತು ಮಿಸ್ಡ್ ಕಾಲ್ ಕಾಣುತ್ತವೆ. ‘ಎಲ್ಲಿದ್ದೆ?’ ಎಂಬ ಪ್ರಶ್ನೆ ಕೇಳುವ ಮೊದಲೇ ಸಿಟ್ಟಿನಲ್ಲಿ ತೊಯ್ದಿದೆ. ಅವನ ಮನೆಯಲ್ಲೋ, ಅಪ್ಪ ದನಿ ಏರಿಸಿದಾಗ ಮಕ್ಕಳೆಲ್ಲ ಸದ್ದಿಲ್ಲದೆ ಮಹಡಿ ಹತ್ತುತ್ತಿದ್ದರು. ಈಗಲೂ ಅವನು ಮಾಡುವುದು ಅದನ್ನೇ. ‘ಆಮೇಲೆ ಮಾತಾಡೋಣ’ ಎಂದು ಫೋನ್ ಇಡುತ್ತಾನೆ, ಆ ರಾತ್ರಿ ಮತ್ತೆ ಎತ್ತುವುದಿಲ್ಲ. ಅವಳ ಊಹೆ ನಿಜವಾಯಿತು: ಮೌನವೆಂದರೆ ದೂರವಾಗುವುದು. ಅವನದೂ ನಿಜವಾಯಿತು: ಹತ್ತಿರವಾದರೆ ಜಗಳ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಇಬ್ಬರೂ ಎದುರಿನವರಿಗೆ ಉತ್ತರ ಕೊಟ್ಟದ್ದು ಬೇರೆ ಯಾರಿಗೋ ಕೊಡಬೇಕಿದ್ದ ದನಿಯಲ್ಲಿ.

ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಲ್ಡೀನ್ ಡೌನಿ ಮತ್ತು ಸಹಸಂಶೋಧಕರು 1998ರಲ್ಲಿ ಈ ಸುತ್ತನ್ನು ಪ್ರಯೋಗಶಾಲೆಯಲ್ಲೇ ಗಮನಿಸಿದರು. ಜೋಡಿಗಳನ್ನು ಕೂರಿಸಿ, ಇಬ್ಬರ ನಡುವೆ ತಕರಾರಿರುವ ವಿಷಯದ ಬಗ್ಗೆ ಮಾತಾಡಿಸಿದರು. ತಿರಸ್ಕಾರದ ಭಯ ಹೆಚ್ಚಿದ್ದ ಯುವತಿಯರು ಆ ಮಾತುಕತೆಯಲ್ಲಿ ಹೆಚ್ಚು ಕಟುವಾಗಿ ನಡೆದುಕೊಂಡರು. ಮಾತು ಮುಗಿದಾಗ ಅವರ ಗೆಳೆಯರ ಸಿಟ್ಟು ಹೆಚ್ಚಿತ್ತು. ತಿರಸ್ಕಾರ ಬರುತ್ತದೆಂಬ ಭಯವೇ ತಿರಸ್ಕಾರವನ್ನು ಕರೆತಂದಿತ್ತು. ಸಂಗಾತಿ ಬದಲಾದರೂ ಕಥೆ ಬದಲಾಗದಿರುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಅಚ್ಚು ತನಗೆ ಬೇಕಾದ ಪುರಾವೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ.

ನೆನಪು ಎಂಬ ದುರ್ಬಲ ಸಾಕ್ಷಿ

ಹಾಗಾದರೆ ಹಳೆಯದನ್ನು ಕೂಲಂಕಷವಾಗಿ ನೆನೆದು ಪಾಠ ತೆಗೆದರಾಯಿತಲ್ಲ ಎನ್ನಿಸಬಹುದು. ನೆನಪು ಇದಕ್ಕೆ ಅಷ್ಟು ಸುಲಭವಾಗಿ ಒದಗುವುದಿಲ್ಲ. ಕ್ಯಾಥಿ ಮೆಕ್‌ಫಾರ್ಲೆಂಡ್ ಮತ್ತು ಮೈಕಲ್ ರಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೀತಿಸುತ್ತಿದ್ದ ವಿದ್ಯಾರ್ಥಿಗಳು ಸಂಗಾತಿಯ ಗುಣಗಳಿಗೆ ಅಂಕ ಕೊಟ್ಟರು. ಎರಡು ತಿಂಗಳ ನಂತರ ಮತ್ತೆ ಅಂಕ ಕೊಟ್ಟು, ಮೊದಲ ಸಲ ಎಷ್ಟು ಕೊಟ್ಟಿದ್ದೆವು ಎಂಬುದನ್ನೂ ನೆನಪಿಸಿಕೊಂಡರು. ಈ ನಡುವೆ ಮನಸ್ಸು ಮುರಿದವರು ಹಳೆಯ ಅಂಕಗಳನ್ನೂ ಇದ್ದುದಕ್ಕಿಂತ ಕಡಿಮೆ ಎಂದೇ ನೆನೆದರು. ‘ಅವನು ಮೊದಲಿನಿಂದಲೂ ಹಾಗೇ’ ಎಂಬ ಮಾತು ಅನೇಕ ಸಲ ಇವತ್ತಿನ ಬೇಸರವನ್ನು ನಿನ್ನೆಗೆ ಬಳಿದದ್ದು. ಒಂಟಿತನ ಕಾಡುವ ರಾತ್ರಿ ಇದೇ ನೆನಪು ಇನ್ನೊಂದು ದಿಕ್ಕಿಗೆ ಹೊರಳಿ, ಇದ್ದ ಕಷ್ಟಗಳನ್ನೆಲ್ಲ ಅಳಿಸಿಬಿಡುವುದೂ ಉಂಟು.

ಕೊರಗುವುದು ಬೇರೆ, ಅರಿಯುವುದು ಬೇರೆ

ಹಳೆಯದರ ಬಗ್ಗೆ ಹೆಚ್ಚು ಯೋಚಿಸಿದವರು ಹೆಚ್ಚು ಕಲಿಯುತ್ತಾರೆ ಎಂಬುದೂ ಸರಿಯಲ್ಲ. ಸೂಸನ್ ನೋಲೆನ್-ಹೊಕ್ಸೆಮಾ ಎಂಬ ಮನೋವಿಜ್ಞಾನಿ ‘ರೂಮಿನೇಶನ್’ ಎಂಬ ಯೋಚನಾ ಕ್ರಮವನ್ನು ಬದುಕಿಡೀ ಅಧ್ಯಯನ ಮಾಡಿದರು. ಕನ್ನಡದಲ್ಲಿ ಅದಕ್ಕೆ ಕೊರಗು ಎಂಬ ಪದವೇ ಸಾಕು. ನನಗೇ ಏಕೆ ಹೀಗಾಯಿತು, ನಾನೇಕೆ ಇಂಥವಳು ಎಂಬ ಪ್ರಶ್ನೆಯನ್ನು ಉತ್ತರದ ಕಡೆಗೆ ಒಂದು ಹೆಜ್ಜೆಯೂ ಇಡದೆ ತಿರುಗಿ ತಿರುಗಿ ಕೇಳಿಕೊಳ್ಳುವುದು. 1989ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯದ ಲೋಮಾ ಪ್ರಿಯೆಟಾ ಭೂಕಂಪ ಸಂಭವಿಸುವುದಕ್ಕೆ ಎರಡು ವಾರ ಮೊದಲು ಅವರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಮನಃಸ್ಥಿತಿಯನ್ನು ದಾಖಲಿಸಿಕೊಂಡಿದ್ದರು. ಭೂಕಂಪದ ನಂತರ ನೋಡಿದಾಗ, ಮೊದಲೇ ಕೊರಗುವ ಅಭ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು.

ಮನಸ್ಸಿನಲ್ಲಿರುವುದನ್ನು ಬರೆದು ಹಗುರಾಗುವ ವಿಧಾನಕ್ಕೂ ಇದೇ ಮಿತಿಯಿದೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ತಮ್ಮ ಕಹಿ ಅನುಭವದ ಬಗ್ಗೆ ಬರೆಯಲು ಹೇಳಿದರು. ಘಟನೆ ಮತ್ತು ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆ ವಿಧಾನ ಜಗತ್ತಿನಾದ್ಯಂತ ಜನಪ್ರಿಯವಾಯಿತು. ಆದರೆ ಅರಿಜೋನಾ ವಿಶ್ವವಿದ್ಯಾಲಯದ ಡೇವಿಡ್ ಸ್ಬಾರಾ 2013ರಲ್ಲಿ, ಆಗಷ್ಟೇ ದಾಂಪತ್ಯದಿಂದ ಬೇರೆಯಾಗಿದ್ದ 90 ಜನರ ಮೇಲೆ ಇದನ್ನು ಪ್ರಯೋಗಿಸಿದಾಗ ಬೇರೆಯದೇ ಫಲ ಸಿಕ್ಕಿತು. ಏಕೆ ಹೀಗಾಯಿತೆಂದು ಅರ್ಥ ಹುಡುಕುತ್ತಾ ಅದರಲ್ಲೇ ಸಿಲುಕಿಕೊಂಡಿದ್ದವರಿಗೆ ಭಾವನೆಗಳನ್ನು ತೋಡಿಕೊಂಡು ಬರೆಯುವುದರಿಂದ ಚೇತರಿಕೆ ಹಿಂದೆಬಿತ್ತು. ದಿನದ ಕೆಲಸಕಾರ್ಯಗಳನ್ನಷ್ಟೇ ಬರೆದವರೇ ಅವರಿಗಿಂತ ಮೇಲಾದರು.

ವ್ಯತ್ಯಾಸ ಮಾಡುವುದು ನೋಡುವ ಜಾಗ. ಈಥನ್ ಕ್ರಾಸ್ ಮತ್ತು ಓಜ್ಲೆಮ್ ಐಡುಕ್ ಇದನ್ನು ‘ಸೆಲ್ಫ್ ಡಿಸ್ಟೆನ್ಸಿಂಗ್’ ಎಂದು ಕರೆದರು. ದೂರನೋಟ ಎಂದರೆ ಸರಿಹೋಗುತ್ತದೆ. ಕಹಿ ಘಟನೆಯೊಳಗೆ ಮತ್ತೆ ಹೊಕ್ಕು ತನ್ನ ಕಣ್ಣಿನಿಂದಲೇ ನೋಡಿದವರಲ್ಲಿ ಸಿಟ್ಟು, ದುಃಖ ಮರುಕಳಿಸಿದವು. ಅದೇ ಘಟನೆಯನ್ನು ಸ್ವಲ್ಪ ದೂರದಲ್ಲಿ ನಿಂತು, ತನ್ನನ್ನೂ ಒಬ್ಬ ಪಾತ್ರಧಾರಿಯಾಗಿ ನೋಡಿದವರು ಏನು ನಡೆಯಿತು ಎಂಬುದನ್ನು ಕಡಿಮೆ ಹೇಳಿ, ಏಕೆ ನಡೆದಿರಬಹುದು ಎಂಬುದನ್ನು ಹೆಚ್ಚು ಹೇಳಿದರು. ಮಿಸ್ಡ್ ಕಾಲ್‌ಗಳ ಯುವತಿ ‘ಅವನು ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ’ ಎನ್ನುವ ಬದಲು ‘ಅವಳಿಗೆ ಭಯವಾಗಿತ್ತು, ಅವಳು ಭಯವೆಂದು ಹೇಳದೆ ಸಿಟ್ಟು ಮಾಡಿದಳು, ಅವನು ಸಿಟ್ಟಿಗೆ ಹೆದರಿ ಫೋನ್ ಇಟ್ಟ’ ಎಂದು ತನ್ನನ್ನೇ ‘ಅವಳು’ ಎಂದು ಕರೆದು ಹೇಳಿಕೊಂಡರೆ, ಬಿಸಿ ಯಾವುದು, ಹಾಲು ಯಾವುದು ಎಂದು ಬೇರ್ಪಡಿಸುವುದು ಸಾಧ್ಯವಾಗುತ್ತದೆ. ಬೇರೆಯವರ ಸಂಸಾರದ ತೊಡಕಿಗೆ ಜಾಣ ಸಲಹೆ ಕೊಡುವವರು ತಮ್ಮ ಮನೆಯ ತೊಡಕಿನಲ್ಲಿ ಮಂಕಾಗುವುದನ್ನು ಇಗೊರ್ ಗ್ರಾಸ್‌ಮನ್ ಮತ್ತು ಕ್ರಾಸ್ 2014ರಲ್ಲಿ ಪ್ರಯೋಗದಿಂದ ತೋರಿಸಿದರು. ಸಂಗಾತಿ ಮೋಸಮಾಡಿದ ಸನ್ನಿವೇಶವನ್ನು ಗೆಳೆಯನಿಗೆ ಆದದ್ದೆಂದು ಊಹಿಸಿದವರು, ತಮಗೇ ಆದದ್ದೆಂದು ಊಹಿಸಿದವರಿಗಿಂತ ವಿವೇಕದಿಂದ ಯೋಚಿಸಿದರು. ತಮ್ಮ ಸಮಸ್ಯೆಯನ್ನೇ ದೂರನೋಟದಿಂದ ನೋಡಿದಾಗ ಆ ಅಂತರ ಅಳಿಸಿಹೋಯಿತು.

ತಪ್ಪನ್ನು ಎಲ್ಲಿ ಹೊರಿಸಲಾಗುತ್ತದೆ ಎಂಬುದೂ ಮುಖ್ಯ. ಟೈ ತಾಶಿರೋ ಮತ್ತು ಪೆಟ್ರಿಸಿಯಾ ಫ್ರೇಜಿಯರ್ 2003ರಲ್ಲಿ, ಸಂಬಂಧ ಮುರಿದುಕೊಂಡ 92 ವಿದ್ಯಾರ್ಥಿಗಳನ್ನು ಅದರಿಂದ ತಮ್ಮಲ್ಲಿ ಆದ ಒಳ್ಳೆಯ ಬದಲಾವಣೆಗಳ ಬಗ್ಗೆ ಕೇಳಿದರು. ಎಲ್ಲ ತಪ್ಪೂ ಆ ವ್ಯಕ್ತಿಯದೇ ಎಂದವರಿಗಿಂತ, ಇಬ್ಬರ ಸುತ್ತ ಇದ್ದ ಸನ್ನಿವೇಶಗಳನ್ನು ಗುರುತಿಸಿದವರು ಹೆಚ್ಚು ಬದಲಾವಣೆಗಳನ್ನು ಹೇಳಿದರು. ದೂರದ ಊರಿನ ಕೆಲಸ, ಮನೆಯವರ ಒತ್ತಡ, ಸಾಲ, ಅನಾರೋಗ್ಯ ಇವೆಲ್ಲ ಸಂಬಂಧವನ್ನು ಮುರಿಯಬಲ್ಲವು. ನಿಶ್ಚಿತಾರ್ಥ ಮುರಿದಾಗ ಇಡೀ ಊರು ‘ಹುಡುಗಿಯಲ್ಲಿ ಏನೋ ದೋಷ’ ಎಂದು ಪಿಸುಗುಟ್ಟುವ ಸಮಾಜದಲ್ಲಿ ಈ ಮಾತನ್ನು ಒತ್ತಿ ಹೇಳಬೇಕು. ‘ಆದದ್ದಾಯಿತು, ಮರೆತುಬಿಡು’ ಎಂದು ಬಾಯಿ ಮುಚ್ಚಿಸುವ ಹಿರಿಯರ ಸಲಹೆ ಪ್ರೀತಿಯಿಂದಲೇ ಬಂದಿರುತ್ತದೆ, ಆದರೆ ಅದು ಅಚ್ಚನ್ನು ಇದ್ದಂತೆಯೇ ಮುಂದಿನ ಮನೆಗೆ ಕಳಿಸಿಕೊಡುತ್ತದೆ.

ಅಚ್ಚು ತಿದ್ದಿಕೊಳ್ಳುವ ಗಳಿಗೆ

ಅರಿವು ಬಂದ ಮಾತ್ರಕ್ಕೆ ಅಚ್ಚು ಬದಲಾಗುವುದಿಲ್ಲ. ಬದಲಾಯಿಸುವುದು ಬೇರೆಯದೇ ಒಂದು ಸಂಗತಿ, ಅದರ ಸುಳಿವು ಮಿದುಳಿನಲ್ಲಿದೆ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆ ಮಾಡುವ ನರಕೋಶಗಳನ್ನು ಗಮನಿಸಿದರು. ನಿರೀಕ್ಷಿಸದೆ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ಸೂಚನೆ ಬಂದ ಮೇಲೆ, ನಿರೀಕ್ಷಿಸಿದಂತೆಯೇ ರಸ ಸಿಕ್ಕಾಗ ಸುಮ್ಮನಿದ್ದವು. ನಿರೀಕ್ಷಿಸಿದ್ದು ಸಿಗದಿದ್ದಾಗ ಅವುಗಳ ಮಿಡಿತ ಇಳಿಯಿತು. ಊಹೆಗೂ ನಡೆದದ್ದಕ್ಕೂ ಇರುವ ಅಂತರವೇ ಕಲಿಕೆಯ ಸಂಕೇತ. 1997ರಲ್ಲಿ ಪ್ರಕಟವಾದ ಈ ವಿಚಾರ ಕಲಿಕೆಯ ವಿಜ್ಞಾನದ ಆಧಾರಗಳಲ್ಲಿ ಒಂದಾಯಿತು. ಊಹೆಯಂತೆಯೇ ಎಲ್ಲವೂ ನಡೆದರೆ ಮಿದುಳಿಗೆ ತಿದ್ದಿಕೊಳ್ಳಲು ಏನೂ ಇರುವುದಿಲ್ಲ.

ಹಳೆಯ ನೆನಪು ಸಡಿಲವಾಗುವುದೂ ಅದು ಎಚ್ಚೆತ್ತಾಗಲೇ. ಕರೀಂ ನಾದರ್ ಮತ್ತು ಸಹೋದ್ಯೋಗಿಗಳು 2000ದಲ್ಲಿ, ಒಂದು ಶಬ್ದಕ್ಕೆ ಹೆದರಲು ಕಲಿತ ಇಲಿಗಳಿಗೆ ಆ ಶಬ್ದವನ್ನು ಮತ್ತೆ ಕೇಳಿಸಿ, ಕೂಡಲೇ ಮಿದುಳಿಗೆ ಹೊಸ ಪ್ರೋಟೀನ್ ಆಗದಂತೆ ತಡೆಯುವ ಔಷಧ ಕೊಟ್ಟರು. ಹೆದರಿಕೆ ಮಾಯವಾಯಿತು. ಶಬ್ದ ಕೇಳಿಸದೆ ಔಷಧ ಕೊಟ್ಟಾಗ ಹೆದರಿಕೆ ಹಾಗೇ ಉಳಿಯಿತು. ಇಲಿಯ ಭಯದಿಂದ ಮನುಷ್ಯರ ಪ್ರೇಮಕ್ಕೆ ನೇರ ಸೇತುವೆ ಕಟ್ಟುವುದು ಅವಸರವಾದೀತು. ಆದರೂ ನೆನಪು ಕಲ್ಲಿನ ಶಾಸನವಲ್ಲ, ಪ್ರತಿ ಸಲ ತೆರೆದಾಗಲೂ ತುಸು ತಿದ್ದುಪಡಿಗೆ ಒಡ್ಡಿಕೊಳ್ಳುತ್ತದೆ ಎಂಬುದಕ್ಕೆ ಆ ಪ್ರಯೋಗ ಬಲ ಕೊಟ್ಟಿತು.

ಒಟ್ಟಿನಲ್ಲಿ ಎರಡು ಸಂಗತಿಗಳು ಒಂದೇ ಹೊತ್ತಿಗೆ ಕೂಡಬೇಕು. ಹಳೆಯ ಭಯ ಎಚ್ಚೆತ್ತಿರಬೇಕು. ಭಯ ಊಹಿಸಿದ್ದು ನಡೆಯದೆ ಬೇರೇನೋ ನಡೆಯಬೇಕು. ಆ ಯುವತಿಗೆ ಮುಂದಿನ ಸಲ ಎದೆ ಢವಢವ ಎನ್ನುವಾಗಲೂ ಒಂದೇ ಒಂದು ಸಂದೇಶ ಕಳಿಸಿ ಕಾಯುವುದು ಸಾಧ್ಯವಾದರೆ, ಅವನು ಹೇಳಿದಂತೆ ಏಳು ಗಂಟೆಗೆ ಫೋನ್ ಮಾಡಿದರೆ, ಅಚ್ಚಿಗೆ ಒಂದು ಗೆರೆಯಷ್ಟು ತಿದ್ದುಪಡಿ. ಅವನು ಫೋನ್ ಇಡದೆ ‘ನನಗೆ ಈಗ ಗಾಬರಿ ಆಗ್ತಿದೆ, ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೀನಿ’ ಎಂದು ಹೇಳಿ ಹಾಗೆಯೇ ಮಾಡಿದರೆ ಇನ್ನೊಂದು ಗೆರೆ. ಒಂದು ಸಲದ ಅಚ್ಚರಿ ಸಾಲದು. ಹಳೆಯ ಅಚ್ಚು ಮೂಡಿದ್ದೂ ಒಂದು ಸಲಕ್ಕಲ್ಲ.

ಇದು ಬರೀ ಆಶಯವಲ್ಲ. ಅಮೆರಿಕದ ಮಿನೆಸೋಟಾದಲ್ಲಿ 1970ರ ದಶಕದ ನಡುವೆ ಬಡ ತಾಯಂದಿರ ಶಿಶುಗಳನ್ನು ಗಮನಿಸತೊಡಗಿದ ಒಂದು ತಂಡ ಅವರು ದೊಡ್ಡವರಾಗುವವರೆಗೂ ಜೊತೆಬಿಡಲಿಲ್ಲ. 2011ರಲ್ಲಿ ಜೆಸಿಕಾ ಸಾಲ್ವಟೋರ್ ಮತ್ತು ಸಂಗಡಿಗರು, ಆ ಮಕ್ಕಳು ಇಪ್ಪತ್ತರ ಹರೆಯದಲ್ಲಿ ತಮ್ಮ ಸಂಗಾತಿಗಳೊಡನೆ ಹೇಗೆ ಜಗಳವಾಡಿ ಹೇಗೆ ಚೇತರಿಸಿಕೊಳ್ಳುತ್ತಾರೆಂದು ವರದಿ ಮಾಡಿದರು. ತಕರಾರಿನ ವಿಷಯ ಮುಗಿದ ಮೇಲೆ ಇಬ್ಬರೂ ಒಪ್ಪುವ ವಿಷಯದ ಬಗ್ಗೆ ಕೆಲವು ನಿಮಿಷ ಮಾತಾಡಲು ಹೇಳಿದ್ದರು. ಶೈಶವದಲ್ಲಿ ನೆಚ್ಚಿಕೆ ಪಡೆದವರು ಜಗಳದಿಂದ ಬೇಗ ಹೊರಬಂದರು. ಶೈಶವದಲ್ಲಿ ಅದು ಸಿಗದವರ ಕಥೆ ಇನ್ನೂ ಮುಖ್ಯ: ಜಗಳವನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಬಲ್ಲ ಸಂಗಾತಿ ಸಿಕ್ಕಿದ್ದಲ್ಲಿ, ಎರಡು ವರ್ಷಗಳ ನಂತರವೂ ಅವರ ಸಂಬಂಧ ಉಳಿದಿರುವ ಸಾಧ್ಯತೆ ಹೆಚ್ಚಿತ್ತು. ವಿಲಿಯಂ ಚೋಪಿಕ್ ಮತ್ತಿತರರು 13ರಿಂದ 72 ವರ್ಷದವರೆಗಿನ 628 ಜನರ ಮಾಹಿತಿಯನ್ನು ಕೂಡಿಸಿ 2019ರಲ್ಲಿ ತೋರಿಸಿದಂತೆ, ಬಿಟ್ಟುಹೋದಾರೆಂಬ ಆತಂಕ ವಯಸ್ಸಿನೊಡನೆ ಸಾಮಾನ್ಯವಾಗಿ ಇಳಿಯುತ್ತದೆ.

ಆಯ್ಕೆಯ ಪಟ್ಟಿ

ಹಳೆಯದರಿಂದ ಪಾಠ ಎಂದಾಗ ಹೆಚ್ಚಿನವರು ಮಾಡುವುದು ಹೊಸ ಪಟ್ಟಿ: ಈ ಸಲ ಕುಡಿಯದವನು, ಈ ಸಲ ಸರ್ಕಾರಿ ಕೆಲಸದವನು, ಈ ಸಲ ಒಬ್ಬನೇ ಮಗ ಬೇಡ. ಸಮಂತಾ ಜೋಯಲ್ ನೇತೃತ್ವದಲ್ಲಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆ 43 ಅಧ್ಯಯನಗಳ 11,196 ಜೋಡಿಗಳನ್ನು ಒಳಗೊಂಡಿತ್ತು. ಸಂಬಂಧದ ಗುಣಮಟ್ಟದಲ್ಲಿನ ಏರಿಳಿತವನ್ನು, ವ್ಯಕ್ತಿಯ ವಯಸ್ಸು, ಸ್ವಭಾವದಂಥ ವಿವರಗಳು ಹೆಚ್ಚೆಂದರೆ ಶೇ. 21ರಷ್ಟು ವಿವರಿಸಿದವು. ಸಂಗಾತಿ ತನ್ನೊಡನೆ ಗಟ್ಟಿಯಾಗಿ ನಿಲ್ಲುತ್ತಾರೆಂಬ ಭಾವನೆ, ಮೆಚ್ಚುಗೆ, ಜಗಳದ ರೀತಿ, ದೈಹಿಕ ತೃಪ್ತಿಯಂಥ ಇಬ್ಬರ ನಡುವಿನ ಸಂಗತಿಗಳು ಶೇ. 45ರವರೆಗೆ. ಹಾಗಾಗಿ ಹಳೆಯ ಸಂಬಂಧದ ಬಗ್ಗೆ ಕೇಳಿಕೊಳ್ಳಬೇಕಾದ್ದು ‘ಅವರು ಎಂಥವರು’ ಎಂಬುದಕ್ಕಿಂತ, ಜಗಳವಾದಾಗ ಯಾರು ಮಾತು ನಿಲ್ಲಿಸುತ್ತಿದ್ದರು, ಯಾರು ಮೊದಲು ಮಾತು ಶುರುಮಾಡುತ್ತಿದ್ದರು, ಕಷ್ಟ ಹೇಳಿಕೊಂಡಾಗ ಏನಾಗುತ್ತಿತ್ತು, ಯಾವ ಮಾತು ಎಂದೂ ಬಾಯಿಗೆ ಬರಲೇ ಇಲ್ಲ ಎಂಬುದನ್ನು. ಹೊಸ ಸಂಬಂಧದಲ್ಲೂ ಗಮನಿಸಬೇಕಾದ್ದು ಇವನ್ನೇ.

ತಿದ್ದಬೇಕಾದ್ದು ಅಚ್ಚಲ್ಲದಿರುವಾಗ

ಈ ಅಧ್ಯಾಯದ ಮಾತುಗಳೆಲ್ಲ ಹೊಂದಿಕೆಯ ತೊಡಕಿಗೆ ಸಂಬಂಧಿಸಿದವು. ಹೊಡೆತ, ಬೆದರಿಕೆ, ಬಲಾತ್ಕಾರ, ಹಣವನ್ನೂ ಓಡಾಟವನ್ನೂ ಕಟ್ಟಿಹಾಕುವ ಹಿಂಸೆಗೆ ಅನ್ವಯಿಸುವುದಿಲ್ಲ. ಅಲ್ಲಿ ಭಯ ತಪ್ಪು ಊಹೆಯಲ್ಲ, ಹಾಲು ನಿಜಕ್ಕೂ ಕುದಿಯುತ್ತಿದೆ. ಹಿಂಸೆ ಅನುಭವಿಸಿದವರನ್ನು ‘ನಿನ್ನಲ್ಲಿ ಏನು ತಪ್ಪಿತ್ತು ಯೋಚಿಸು’ ಎಂದು ಕೇಳುವುದು ಅವಿವೇಕ ಮಾತ್ರವಲ್ಲ, ಅಪಾಯ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ದೈಹಿಕ ಹಿಂಸೆಯ ಜೊತೆಗೆ ಮಾತಿನ, ಲೈಂಗಿಕ ಮತ್ತು ಆರ್ಥಿಕ ಹಿಂಸೆಯನ್ನೂ ಒಳಗೊಂಡಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಹಿಂಸೆಯಿಲ್ಲದಿದ್ದರೂ ನಿದ್ದೆ, ಊಟ, ಕೆಲಸ ಕೆಡುವಷ್ಟು ಕೊರಗು ವಾರಗಟ್ಟಲೆ ಉಳಿದರೆ ಅದನ್ನು ಒಬ್ಬರೇ ಹೊರಬೇಕಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416. ಕರೆಗೆ ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.